ಮೆಂತ್ಯ: ತಪ್ಪಲ ಬೇರೆ, ಕಾಳು ಬೇರೆ

ಮೆಂತ್ಯದ ಬಗ್ಗೆ ಓದುವಾಗ ಗೊಂದಲವಾಗುವುದು ಒಂದೇ ಕಡೆ: ಕಾಳಿನ ಗುಣವನ್ನು ತಪ್ಪಲಿಗೂ, ಅಂದರೆ ಸೊಪ್ಪಿಗೂ, ಹಚ್ಚಿಬಿಡುತ್ತೇವೆ. ಸಕ್ಕರೆ ಕಾಯಿಲೆಯ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಕಾಳಿನ ಮೇಲೆ.

ತಪ್ಪಲಿನಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್ (ಒಂದು ಬಿ ವಿಟಮಿನ್), ಬೀಟಾ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ವಸ್ತು) ಇವೆ. ಕಲಬುರಗಿ ಕಡೆ ಹಸಿ ಮೆಂತ್ಯವನ್ನು ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಎಣ್ಣೆ ಹಾಕಿಕೊಂಡು ಜೋಳದ ರೊಟ್ಟಿ ಜೊತೆ ತಿನ್ನುತ್ತಾರಲ್ಲ, ಅದು ಬಹಳ ಚಲೋ ಪದ್ಧತಿ. ಬೇಯಿಸದ ಕಾರಣ ವಿಟಮಿನ್ ಸಿ ಉಳಿಯುತ್ತದೆ, ಎಣ್ಣೆಯಿಂದ ಕ್ಯಾರೋಟಿನ್ ಮೈಗೆ ಹತ್ತುತ್ತದೆ. ಮೇಲೆ ಲಿಂಬಿ ಹಿಂಡಿದರೆ ಮೈ ಕಬ್ಬಿಣವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಊಟವಾದ ತಕ್ಷಣ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಒಂದು ತಾಸಾದರೂ ಬಿಡಿ. ಕಹಿ ಹೋಗಲೆಂದು ಉಪ್ಪು ಹಚ್ಚಿ ಹಿಂಡಿ ನೀರು ಚೆಲ್ಲಬೇಡಿ, ವಿಟಮಿನ್ ಸಿ, ಫೋಲೇಟ್ ಅದರ ಜೊತೆಗೇ ಹೋಗುತ್ತವೆ. ತೊಗರಿಬ್ಯಾಳಿ ಹಾಕಿ ಮುದ್ದಿಪಲ್ಯ ಮಾಡಿದರೆ ಕಹಿ ತಾನೇ ತಗ್ಗುತ್ತದೆ.

ಈಗ ಕಾಳು. ರಾತ್ರಿ ನೆನೆಸಿ ಬೆಳಿಗ್ಗೆ ನೀರು ಕುಡಿದು ಕಾಳು ಚೆಲ್ಲುವವರು ಬಹಳ. ಆದರೆ ರಕ್ತದ ಸಕ್ಕರೆಯ ಮೇಲೆ ಕೆಲಸ ಮಾಡುವ ವಸ್ತು ಬಹುಪಾಲು ಉಳಿಯುವುದು ಕಾಳಿನಲ್ಲೇ. ಎಂಟು ತಾಸು ನೆನೆದ ಕಾಳನ್ನು ಬೆರಳ ನಡುವೆ ಹಿಚುಕಿ ನೋಡಿ: ಸಿಪ್ಪೆಯ ಒಳಗಿನಿಂದ ಜಾರುವ, ಗಾಜಿನಂಥ ಪದರ ಹೊರಬರುತ್ತದೆ. ಅದೇ ಗ್ಯಾಲಕ್ಟೊಮನ್ನಾನ್ ಎಂಬ ಕರಗುವ ನಾರು, ಅಂದರೆ ಮೆಂತ್ಯದ ಅಂಟು. ನೀರಿಗೆ ಇಳಿಯುವುದು ಬಣ್ಣ, ಕಹಿ, ಸ್ವಲ್ಪವೇ ಅಂಟು.

ಈ ನಾರು ಕರುಳಿನಲ್ಲಿ ಊಟವನ್ನು ಗಂಜಿಯಂತೆ ದಪ್ಪ ಮಾಡುತ್ತದೆ. ಆಗ ಗ್ಲೂಕೋಸ್ ಕರುಳಿನ ಗೋಡೆ ಮುಟ್ಟಲು ತಡವಾಗುತ್ತದೆ, ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಹಾಗಾದರೆ ಕಾಳು ಮತ್ತು ರೊಟ್ಟಿ ಹೊಟ್ಟೆಯಲ್ಲಿ ಒಟ್ಟಿಗೇ ಇರಬೇಕಲ್ಲವೇ? ಬೆಳಿಗ್ಗೆ ಆರಕ್ಕೆ ಕಾಳು ನುಂಗಿ ಹತ್ತಕ್ಕೆ ಊಟ ಮಾಡಿದರೆ ಅಂಟು ಮುಂದೆ ಸಾಗಿಹೋಗಿರುತ್ತದೆ. ಊಟದ ಜೊತೆಗೇ ತಿನ್ನಿ, ಅಗಿದು ಅಥವಾ ರುಬ್ಬಿ. ಇಡೀ ಕಾಳು ನುಂಗಿದರೆ ಅಂಟು ಪೂರ್ತಿ ಬಿಡುವುದಿಲ್ಲ.

ಪ್ರಮಾಣವೂ ಮುಖ್ಯ. ಒಂದು ಟೀ ಚಮಚ ಎಂದರೆ ಸುಮಾರು 4 ಗ್ರಾಂ. ಪ್ರಯೋಗಗಳಲ್ಲಿ ದಿನಕ್ಕೆ 25 ಗ್ರಾಂ, ಕೆಲವು ಕಡೆ 100 ಗ್ರಾಂವರೆಗೂ ಕೊಟ್ಟಿದ್ದಾರೆ. ಚಮಚ ಕಾಳಿನಿಂದ ಅಷ್ಟೇ ಫಲ ಬಯಸುವುದು ಸರಿಯಲ್ಲ. ಒಂದು ಚಮಚದಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಏರಿಸಿ; ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ. ಮೂರು ರೊಟ್ಟಿಯ ಹಿಟ್ಟಿಗೆ ಎರಡು ಚಮಚ ಪುಡಿ ಕಲಸಬಹುದು.

ಸಕ್ಕರೆ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಔಷಧ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಏರಿಸಬೇಕು. ಸಕ್ಕರೆ ತೀರಾ ಇಳಿಯಬಹುದು. ಬಸುರಿಯರಿಗೆ ಅಡುಗೆಯಲ್ಲಿ ಹಾಕುವಷ್ಟು ಸಾಕು. ಶೇಂಗಾ ಅಲರ್ಜಿ ಇದ್ದವರಿಗೆ ಮೆಂತ್ಯವೂ ಆಗದಿರಬಹುದು, ಎರಡೂ ದ್ವಿದಳ ಸಸ್ಯಗಳ ಒಂದೇ ಕುಟುಂಬದವು.

ಒಗ್ಗರಣೆಗೆ ಹಾಕುವುದಾದರೆ ಸಾಸಿವೆ ಸಿಡಿದ ಮೇಲೆ, ಎಂಟು ಹತ್ತು ಕಾಳು ಮಾತ್ರ. ಕೆಂಪಗಾದ ಕೂಡಲೇ ಬ್ಯಾಳಿಗೆ ಸುರಿಯಿರಿ, ಕಂದಾದರೆ ಇಡೀ ಸಾರು ಕಹಿ.