ರಾಯಚೂರಿನ ಚಿಮಣಿಯೂ ಬೆಂಗಳೂರಿನ ಕಾರೂ: ವಿದ್ಯುತ್ ಕಾರಿನಿಂದ ಹೊಗೆ ತಗ್ಗುತ್ತದೆಯೇ, ಊರು ಬದಲಿಸುತ್ತದೆಯೇ?

ಓದುಗರ ಪ್ರಶ್ನೆ: ನಮ್ಮ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷವಾಯಿತು. ಅದನ್ನು ಕೊಟ್ಟು ವಿದ್ಯುತ್ ಕಾರು ಕೊಳ್ಳೋಣವೆಂದು ಮಕ್ಕಳು ಹೇಳುತ್ತಿದ್ದಾರೆ. ಆದರೆ ನಮ್ಮ ಕರೆಂಟಿನ ದೊಡ್ಡ ಪಾಲು ಬರುವುದೇ ಕಲ್ಲಿದ್ದಲಿನಿಂದ. ಹಾಗಿದ್ದ ಮೇಲೆ ಬೆಂಗಳೂರಿನ ಹೊಗೆಯನ್ನು ರಾಯಚೂರಿನ ತಲೆಗೆ ಕಟ್ಟಿದಂತೆ ಆಗುವುದಿಲ್ಲವೇ? ಬ್ಯಾಟರಿಗಾಗಿ ಗಣಿ ಅಗೆಯುವುದೂ ಪರಿಸರದ ನಾಶವೇ ಅಲ್ಲವೇ?

ಉತ್ತರ: ರಾಯಚೂರಿನ ಹೆಸರೆತ್ತಿ ಕೇಳಿದ್ದೀರಿ, ಅದು ನನಗೆ ಮುಖ್ಯವೆನಿಸಿತು. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಆ ಸ್ಥಾವರದ ಸಾಮರ್ಥ್ಯ ಇಂದು 1,720 ಮೆಗಾವಾಟ್. ಅದೇ ಜಿಲ್ಲೆಯ ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವಾಟ್ ಸ್ಥಾವರಗಳಿವೆ. ‘ಹೊಗೆಯೇ ಇಲ್ಲದ ಕಾರು’ ಎಂದು ಜಾಹೀರಾತು ಹೇಳುವಾಗ ಹಾರುಬೂದಿಯ ನಡುವೆ ಬದುಕುವ ಆ ಊರುಗಳ ಜನ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಅವರನ್ನು ಸೇರಿಸಿಕೊಂಡೇ ಲೆಕ್ಕ ಹಾಕೋಣ.

ಮೊದಲು ಉತ್ತರವನ್ನು ಹೇಳಿಬಿಡುತ್ತೇನೆ. ಹೊಗೆಯ ಒಂದು ಪಾಲು ಊರು ಬದಲಿಸುವುದು ನಿಜ. ಆದರೆ ಹೊರಟಷ್ಟೂ ಅಲ್ಲಿಗೆ ಹೋಗಿ ಸೇರುವುದಿಲ್ಲ, ಒಟ್ಟು ಮೊತ್ತ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗುತ್ತದೆ ಎಂಬುದು ನೀವು ದಿನದ ಯಾವ ಹೊತ್ತಿನಲ್ಲಿ ಚಾರ್ಜ್ ಮಾಡುತ್ತೀರಿ, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ. ಕಾರಿನ ಕಂಪನಿ, ಮಾದರಿಗಳೆಲ್ಲ ಆಮೇಲಿನ ಮಾತು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಊರೊಳಗೆ ಲೀಟರಿಗೆ 14 ಕಿಲೋಮೀಟರ್ ಕೊಡುವ ಕಾರಾದರೆ ಕಿಲೋಮೀಟರಿಗೆ 165 ಗ್ರಾಂ ಆಯಿತು. ಕಚ್ಚಾ ತೈಲವನ್ನು ಎತ್ತಿ, ಹಡಗಿನಲ್ಲಿ ತಂದು, ಮಂಗಳೂರಿನಂತಹ ಕಡೆ ಶುದ್ಧೀಕರಿಸಿ, ಬಂಕಿಗೆ ಮುಟ್ಟಿಸುವಷ್ಟರಲ್ಲಿ ಹೊರಬೀಳುವುದನ್ನೂ ಸೇರಿಸಿದರೆ ಇದು 195 ಗ್ರಾಂ ಸುತ್ತ ನಿಲ್ಲುತ್ತದೆ. ವಿದ್ಯುತ್ ಕಾರಿನ ಪರವಾಗಿ ಮಾತನಾಡುವವರೂ ವಿರೋಧಿಸುವವರೂ ಈ ಎರಡನೆಯ ಭಾಗವನ್ನು ಮರೆಯುವುದೇ ಹೆಚ್ಚು.

ಇನ್ನು ವಿದ್ಯುತ್ ಕಾರು. ಮಧ್ಯಮ ಗಾತ್ರದ ಕಾರೊಂದು ಮನೆಯ ಮೀಟರಿನಿಂದ ಎಳೆದ ಒಂದು ಯೂನಿಟ್‌ಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಚಾರ್ಜ್ ಮಾಡುವಾಗ ಶಾಖವಾಗಿ ಹೋಗುವ ನಷ್ಟವೂ ಇದರಲ್ಲಿ ಸೇರಿದೆ. ಭಾರತದ ಒಟ್ಟು ವಿದ್ಯುತ್ ಜಾಲದ ಸರಾಸರಿ ಹಿಡಿದರೆ ಸ್ಥಾವರದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ತಂತಿಯಲ್ಲಿ ಸೋರಿಹೋಗುವುದನ್ನು ಕೂಡಿಸಿದರೆ ನಿಮ್ಮ ಮೀಟರಿನ ಹತ್ತಿರ ಅದು 0.8. ಅಂದರೆ ಕಿಲೋಮೀಟರಿಗೆ 135 ಗ್ರಾಂ. ಹೀಗೆ ಕಲ್ಲಿದ್ದಲಿನ ಪಾಲೇ ಹೆಚ್ಚಿರುವ ಜಾಲದಲ್ಲೂ 60 ಗ್ರಾಂ ಉಳಿತಾಯವಾಗುತ್ತದೆ. ಕಾರಣ ಸರಳ. ಊರೊಳಗೆ ನಿಂತು ನಿಂತು ಓಡುವ ಪೆಟ್ರೋಲ್ ಎಂಜಿನ್ ತನ್ನ ಇಂಧನದ ಮುಕ್ಕಾಲು ಪಾಲನ್ನು ಬರಿಯ ಶಾಖವಾಗಿ ಕಳೆದುಕೊಳ್ಳುತ್ತದೆ. ವಿದ್ಯುತ್ ಮೋಟರು ಹಾಗೆ ಪೋಲು ಮಾಡುವುದಿಲ್ಲ, ಬ್ರೇಕ್ ಹಾಕಿದಾಗ ಒಂದಿಷ್ಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ ಕೂಡ.

ಆದರೆ ವಿದ್ಯುತ್ ಕಾರು ಸಾಲ ಹೊತ್ತುಕೊಂಡೇ ರಸ್ತೆಗೆ ಬರುತ್ತದೆ. 40 ಯೂನಿಟ್ ಹಿಡಿಸುವ ಬ್ಯಾಟರಿಯನ್ನು ತಯಾರಿಸುವಷ್ಟರಲ್ಲೇ ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಕಿಲೋಮೀಟರಿಗೆ 60 ಗ್ರಾಂನಂತೆ ಈ ಸಾಲ ತೀರಲು 50,000 ಕಿಲೋಮೀಟರ್ ಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವ ಮನೆಗೆ ಇದು ನಾಲ್ಕು ವರ್ಷದ ಮಾತು. ಭಾನುವಾರದ ದೇವಸ್ಥಾನ, ಆಗೊಮ್ಮೆ ಈಗೊಮ್ಮೆ ಮದುವೆ ಎಂದು ತಿಂಗಳಿಗೆ 300 ಕಿಲೋಮೀಟರ್ ಓಡಿಸುವ ಮನೆಗೆ ಹದಿನಾಲ್ಕು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಾರಿನ ಆಯುಷ್ಯವೇ ಮುಗಿಯುತ್ತ ಬಂದಿರುತ್ತದೆ.

ಇನ್ನೊಂದು ಬಗೆಯ ಮನೆಯಿದೆ. ಚಾವಣಿಯ ಮೇಲೆ ಸೌರಫಲಕ, ಹಗಲಿನಲ್ಲಿ ಕಾರು ಮನೆಯಲ್ಲೇ. ಸೌರಫಲಕದ ತಯಾರಿಕೆಯ ಹೊರೆಯನ್ನು ಸೇರಿಸಿದರೂ ಇಲ್ಲಿ ಕಿಲೋಮೀಟರಿಗೆ 10 ಗ್ರಾಂ ದಾಟುವುದಿಲ್ಲ. ಆಗ ಬ್ಯಾಟರಿಯ ಸಾಲ 16,000 ಕಿಲೋಮೀಟರಿನಲ್ಲಿ ತೀರಿಹೋಗುತ್ತದೆ. ಅದೇ ಕಾರು, ಅದೇ ರಸ್ತೆ, ಆದರೆ ಫಲದಲ್ಲಿ ಮೂರು ಪಟ್ಟು ವ್ಯತ್ಯಾಸ. ನಾರ್ವೆಯ ಉದಾಹರಣೆಯನ್ನು ಇಲ್ಲಿಗೆ ತಂದು ಹಚ್ಚುವಾಗ ಇದನ್ನು ನೆನಪಿನಲ್ಲಿಡಬೇಕು. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ವಿದ್ಯುತ್ ಕಾರುಗಳು, ನಿಜ. ಆದರೆ ಅವರ ವಿದ್ಯುತ್ತು ಬಹುಪಾಲು ಜಲಪಾತಗಳಿಂದ, ಜಲಾಶಯಗಳಿಂದ ಬರುತ್ತದೆ.

ಕರ್ನಾಟಕದಲ್ಲಿ ಹಗಲಿಗೂ ಸಂಜೆಗೂ ಇರುವ ಅಂತರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವಾಟಿನದು. ಚಿತ್ರದುರ್ಗ, ಗದಗದ ಕಡೆ ಗಾಳಿಯಂತ್ರಗಳಿವೆ, ಮುಂಗಾರಿನ ತಿಂಗಳುಗಳಲ್ಲಿ ಅವುಗಳ ಕೊಡುಗೆ ದೊಡ್ಡದು. ನಡುಹಗಲಿನಲ್ಲಿ ನಮ್ಮ ಜಾಲದಲ್ಲಿ ಬಿಸಿಲಿನ ವಿದ್ಯುತ್ತು ಧಾರಾಳ. ಸೂರ್ಯ ಮುಳುಗಿದೊಡನೆ ಚಿತ್ರ ತಿರುವುಮುರುವು. ಕಚೇರಿಯಿಂದ ಬಂದವರು ದೀಪ, ಟಿವಿ, ಒಲೆ, ಗೀಸರು ಹಾಕುವ ಸಂಜೆಯ ಆ ಗಂಟೆಗಳಲ್ಲೇ ಕಾರಿನ ಪ್ಲಗ್ಗನ್ನೂ ಚುಚ್ಚಿದರೆ ಆ ಹೊರೆಯನ್ನು ಹೊರಬೇಕಾದವು ಶಕ್ತಿನಗರದ ಬಾಯ್ಲರುಗಳು, ಶರಾವತಿಯ ಟರ್ಬೈನುಗಳು.

ಸಂಜೆಯ ಈ ಕೊರತೆಯನ್ನು ತುಂಬಲೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಭೂಗತ ಯೋಜನೆಯೊಂದನ್ನು ರೂಪಿಸಲಾಗಿದೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ವಿದ್ಯುತ್ತು ಅಗ್ಗವಿದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವ ಏರ್ಪಾಡು ಅದು. ಅದರ ಜಾಗವಿರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಮಲೆನಾಡಿನ ಜನ ಇದನ್ನು ವಿರೋಧಿಸುತ್ತಿರುವುದು ನನಗೆ ಸರಿಯೆಂದೇ ಕಾಣುತ್ತದೆ. ಕಾರುಗಳನ್ನು ಸಂಜೆ ಏಳಕ್ಕೆ ಚಾರ್ಜ್ ಮಾಡುವ ಅಭ್ಯಾಸ ಬೆಳೆದಷ್ಟೂ ಇಂತಹ ಯೋಜನೆಗಳ ಪರವಾದ ವಾದಕ್ಕೆ ಬಲ ಬರುತ್ತದೆ. ಹಗಲಿಗೆ ಸರಿಸಿದಷ್ಟೂ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ.

ನಿಮ್ಮ ಅನುಮಾನ ಪೂರ್ತಿ ಸರಿಯಾಗುವ ಒಂದು ಜಾಗವಿದೆ: ಗಂಧಕ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಸಿಗುವ ಬಿಎಸ್-6 ಪೆಟ್ರೋಲಿನಲ್ಲಿ ಗಂಧಕ ಅತ್ಯಲ್ಪ. ಕಲ್ಲಿದ್ದಲಿನಲ್ಲಿ ಹಾಗಲ್ಲ. ಚಿಮಣಿಯಲ್ಲೇ ಅದನ್ನು ಹಿಡಿದು ನಿಲ್ಲಿಸುವ ಯಂತ್ರಗಳನ್ನು ಎಲ್ಲ ಸ್ಥಾವರಗಳೂ ಹಾಕಬೇಕೆಂದು 2015ರಲ್ಲಿ ನಿಯಮವಾಗಿತ್ತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು, 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟಿತು. ಆದ್ದರಿಂದ ಇಂಗಾಲದಲ್ಲಿ ಗೆಲ್ಲುವ ವಿದ್ಯುತ್ ಕಾರು ಗಂಧಕದ ಡೈಆಕ್ಸೈಡ್‌ನಲ್ಲಿ ಸೋಲುತ್ತದೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಶಾಲೆಯ ಮಕ್ಕಳ ಮೂಗಿನ ಮಟ್ಟಕ್ಕೆ ಬರುವ ಹೊಗೆ ಇಲ್ಲವಾಗುವುದು ದೊಡ್ಡ ಲಾಭ, ಅದನ್ನು ಅಲ್ಲಗಳೆಯಲಾರೆ. ಆ ಲಾಭದ ಒಂದು ಭಾಗದ ಬೆಲೆಯನ್ನು ಇನ್ನೊಂದು ಜಿಲ್ಲೆಯ ಮಕ್ಕಳು ತೆರುತ್ತಿರುವಾಗ, ಚಿಮಣಿಗಳ ಮೇಲಿನ ನಿಯಮ ಸಡಿಲವಾಗುವುದನ್ನು ನಗರದ ಕಾರುಗಳ ಮಾಲೀಕರು ತಮ್ಮ ವಿಷಯವೆಂದೇ ಎತ್ತಿಕೊಳ್ಳಬೇಕು.

ಟೈರಿನ ಧೂಳಿನ ವಿಷಯದಲ್ಲೂ ಜಾಹೀರಾತುಗಳು ಮೌನ. ಬ್ಯಾಟರಿಯಿಂದಾಗಿ ಕಾರಿನ ತೂಕ ಇನ್ನೂರು, ಮುನ್ನೂರು ಕಿಲೋ ಹೆಚ್ಚುತ್ತದೆ, ಟೈರು ಬೇಗ ಸವೆಯುತ್ತದೆ. ಬ್ರೇಕಿನ ಧೂಳು ಮಾತ್ರ ಕಡಿಮೆ.

ಈಗ ಗಣಿಗೆ ಬರೋಣ. ಕೋಬಾಲ್ಟ್ ಬಗ್ಗೆ ಕೇಳಿಬರುವ ಆರೋಪ ಸುಳ್ಳಲ್ಲ. ಜಗತ್ತಿನ ಕೋಬಾಲ್ಟಿನ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಬರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ಅಲ್ಲಿನ ಕೊಲ್ವೇಜಿ ಸುತ್ತಮುತ್ತ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದು ದಾಖಲಾಗಿದೆ. ಆದರೆ ನಮ್ಮಲ್ಲಿ ಇಂದು ಮಾರಾಟವಾಗುವ ಬಹುತೇಕ ವಿದ್ಯುತ್ ಕಾರುಗಳಲ್ಲಿ ಇರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟಿನ ಬ್ಯಾಟರಿ. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಕಡಿಮೆ. ಅಂಗಡಿಯಲ್ಲಿ ಕಾರಿನ ಬಣ್ಣ ಕೇಳುವ ಮೊದಲು ಬ್ಯಾಟರಿ ಯಾವ ಬಗೆಯದೆಂದು ಕೇಳಿ. ಬೆಂಗಳೂರಿನಲ್ಲೇ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿದಾಗ ಅದರೊಳಗಿದ್ದುದು ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಅಲ್ಲಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ.

ಲಿಥಿಯಂ ಅಂತೂ ಬೇಕೇ ಬೇಕು. ಚಿಲಿಯ ಅಟಕಾಮ ಮರುಭೂಮಿಯಲ್ಲಿ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆವಿ ಮಾಡಿ ಅದನ್ನು ತೆಗೆಯುತ್ತಾರೆ, ನೀರೇ ಇಲ್ಲದ ನಾಡಿನಲ್ಲಿ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಸುತ್ತ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜಗಳ ನಿರ್ದೇಶನಾಲಯ ಅಂದಾಜಿಸಿದೆ. ಜಗತ್ತಿನ ಬೇಡಿಕೆಯ ಮುಂದೆ ಇದು ತೀರಾ ಸಣ್ಣದು. ಹಾಗೆಂದು ಗಣಿಯ ಹಾನಿಯನ್ನು ಪೆಟ್ರೋಲಿನ ಹಾನಿಯ ಜೊತೆ ಇಟ್ಟೇ ತೂಗಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರು ಹದಿನೈದು ವರ್ಷದಲ್ಲಿ ಸುಮಾರು 13,000 ಲೀಟರ್ ಕುಡಿಯುತ್ತದೆ. ಒಂದು ಹನಿಯೂ ಮರಳಿ ಸಿಗುವುದಿಲ್ಲ. ಬ್ಯಾಟರಿಯೊಳಗಿನ ಲಿಥಿಯಂ, ತಾಮ್ರ, ಅಲ್ಯುಮಿನಿಯಂ ಕೊನೆಯ ದಿನವೂ ಅಲ್ಲೇ ಇರುತ್ತವೆ. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಗುಜರಿಯವರ ಕೈಗೆ ಸಿಕ್ಕು ರಸ್ತೆಬದಿಯಲ್ಲಿ ಒಡೆಯುವಂತಾಗದಿರುವುದು ಆ ನಿಯಮ ಎಷ್ಟು ಬಿಗಿಯಾಗಿ ಜಾರಿಯಾಗುತ್ತದೆ ಎಂಬುದರ ಮೇಲಿದೆ.

ಮನೆಯ ಲೆಕ್ಕದಲ್ಲಿ ಮೊದಲು ನೋಡಬೇಕಾದುದು ಗೃಹಜ್ಯೋತಿ. ಇದನ್ನು ಕಾರಿನ ಅಂಗಡಿಯವರು ಹೇಳುವುದಿಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. 1,000 ಕಿಲೋಮೀಟರಿಗೆ ಕಾರು ಸುಮಾರು 165 ಯೂನಿಟ್ ಎಳೆಯುತ್ತದೆ. ಮನೆಯ ಬಳಕೆ 120 ಇದ್ದರೆ ಒಟ್ಟು 285. ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಮೊದಲ ತಿಂಗಳೇ ಬೆಚ್ಚಿಬೀಳುವಂತಾಗುತ್ತದೆ. ಆದರೂ ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು ಏಳು ರೂಪಾಯಿಗೂ ಹೆಚ್ಚು, ಮನೆಯ ಚಾರ್ಜಿಂಗ್ ಒಂದು ರೂಪಾಯಿ ಚಿಲ್ಲರೆ. ಹೆದ್ದಾರಿಯ ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ಯೂನಿಟ್‌ಗೆ 20 ರೂಪಾಯಿಯ ಸುತ್ತ ಇರುವುದರಿಂದ ಅಲ್ಲಿ ಮೂರು ರೂಪಾಯಿ ದಾಟುತ್ತದೆ.

ಕಾರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿರಿ ಎಂದುಕೊಳ್ಳೋಣ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರಿಗೆ ಅದು ನಾಲ್ಕು ವರ್ಷದಲ್ಲಿ ಹಿಂದಿರುಗುತ್ತದೆ, 300 ಓಡಿಸುವವರಿಗೆ ಹದಿನಾಲ್ಕು ವರ್ಷದಲ್ಲಿ. ಇಂಗಾಲದ ಲೆಕ್ಕವೂ ಹಣದ ಲೆಕ್ಕವೂ ಒಂದೇ ಜಾಗದಲ್ಲಿ ಬಂದು ನಿಂತವು.

ದೂರದ ಪ್ರಯಾಣದ ಭಯ ಮೊದಲಿನಷ್ಟಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. 40 ಯೂನಿಟ್ಟಿನ ಕಾರು ಹೆದ್ದಾರಿಯ ವೇಗದಲ್ಲಿ 230, 250ರವರೆಗೆ ಹೋಗುತ್ತದೆ. ಹಾಸನದಲ್ಲಿ ಊಟದ ಹೊತ್ತಿಗೆ ಒಮ್ಮೆ ಚಾರ್ಜ್ ಮಾಡಿದರೆ ಸಾಕು. ಶಿರಾಡಿಯನ್ನು ಇಳಿಯುವಾಗ ಒಂದೆರಡು ಯೂನಿಟ್ ಮರಳಿ ಬರುತ್ತದೆ. ಹಿಂದಿರುಗುವಾಗ ಆ 800 ಮೀಟರ್ ಏರಲು ಸಮತಟ್ಟು ರಸ್ತೆಗಿಂತ ಸುಮಾರು 4 ಯೂನಿಟ್ ಹೆಚ್ಚೇ ಬೇಕು, ಆದ್ದರಿಂದ ಘಟ್ಟದ ಬುಡಕ್ಕೆ ಬರುವ ಮೊದಲು ಬ್ಯಾಟರಿಯಲ್ಲಿ ಅಷ್ಟು ಮಿಗಿಸಿಕೊಂಡಿರಿ. ತಾಲ್ಲೂಕು ಕೇಂದ್ರಗಳಿಂದ ಒಳಗೆ ಹೋದರೆ ಮಾತ್ರ ಕಷ್ಟ ಇನ್ನೂ ಕಷ್ಟವೇ: ಚಾರ್ಜಿಂಗ್ ಕೇಂದ್ರ ಇಲ್ಲ, ಇದ್ದರೆ ಕರೆಂಟಿಲ್ಲ, ಕೆಟ್ಟರೆ ರಿಪೇರಿಯವರಿಲ್ಲ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲು ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದಲ್ಲ, ಅಲ್ಲಿ ಕಾರಿಗೆ ನೆರಳು ಕಡ್ಡಾಯ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಸಾಮಾನ್ಯವಾಗಿದೆ, ಅದಕ್ಕಿಂತ ಕಡಿಮೆಯದನ್ನು ಒಪ್ಪಬೇಡಿ.

ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂದು ಬರೆದಿಲ್ಲ. 500 ಕಿಲೋಮೀಟರಿಗಿಂತ ಕಡಿಮೆಯಾಗಿದ್ದು ಹಳೆಯ ಕಾರು ಗಟ್ಟಿಯಾಗಿದ್ದರೆ ಅದನ್ನೇ ಇನ್ನೊಂದಿಷ್ಟು ವರ್ಷ ಬಳಸಿ, ಸಾಧ್ಯವಾದ ಕಡೆ ಮೆಟ್ರೋ, ಬಸ್ಸು ಹಿಡಿಯಿರಿ. ದಿನಾ ನಲವತ್ತು, ಐವತ್ತು ಕಿಲೋಮೀಟರ್ ಓಡಾಟವಿದ್ದರೆ ಮಕ್ಕಳ ಮಾತು ಸರಿ. ಆಗ ಕಾರಿನ ಜೊತೆಗೇ ಚಾವಣಿಯ ಸೌರಫಲಕಕ್ಕೂ ಹಣ ಎತ್ತಿಡಿ. ಅಪಾರ್ಟ್‌ಮೆಂಟಿನಲ್ಲಿದ್ದು ಚಾವಣಿ ನಿಮ್ಮದಲ್ಲವಾದರೆ ಕಚೇರಿಯ ವಾಹನ ನಿಲುಗಡೆಯಲ್ಲಿ 16 ಆಂಪಿಯರಿನ ಸಾಮಾನ್ಯ ಸಾಕೆಟ್ಟುಗಳನ್ನು ಹಾಕಿಸುವಂತೆ ಆಡಳಿತವನ್ನು ಕೇಳಿ. ದುಬಾರಿ ಯಂತ್ರ ಬೇಕಾಗಿಲ್ಲ. ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಆ ಸಾಕೆಟ್ಟಿನಲ್ಲಿ ನಿಂತ ಕಾರಿಗೆ ಹತ್ತು ಯೂನಿಟ್ ಸೇರುತ್ತದೆ, ಮಾರನೆಯ ದಿನದ ಓಡಾಟಕ್ಕೆ ಅಷ್ಟು ಸಾಕು.