‘ಬೋಲ್ಡ್’ ಎನ್ನಲು ಟರ್ಕಿಶ್‌ನಲ್ಲಿ ‘ಜೆಸುರ್’ ಒಂದೇ ಸಾಕೇ?

ಪ್ರಶ್ನೆ: ಟರ್ಕಿಶ್ ಕಲಿಯುತ್ತಿದ್ದೇನೆ. ಇಂಗ್ಲಿಷಿನ ‘ಬ್ರೇವ್’, ‘ಬೋಲ್ಡ್’, ‘ಕರೇಜಿಯಸ್’ ಮೂರಕ್ಕೂ ನಿಘಂಟು ‘ಜೆಸುರ್’ ಎಂಬ ಒಂದೇ ಪದವನ್ನು ಮುಂದಿಡುತ್ತದೆ. ಎಲ್ಲ ಕಡೆಯೂ ಇದನ್ನೇ ಬಳಸಬಹುದೇ?

ಉತ್ತರ: ‘ಬ್ರೇವ್’, ‘ಕರೇಜಿಯಸ್’ ಎಂಬಲ್ಲಿ ಧಾರಾಳವಾಗಿ ಬಳಸಿ. ತೊಡಕಿರುವುದು ‘ಬೋಲ್ಡ್’ ಪದದಲ್ಲಿ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಮುಖ. ಸರ್ಕಾರದ ‘ಬೋಲ್ಡ್’ ನಿರ್ಧಾರ ಎಂದರೆ ಮೆಚ್ಚುಗೆ. ಹಿರಿಯರೆದುರು ‘ಬೋಲ್ಡ್’ ಆಗಿ ಉತ್ತರ ಕೊಟ್ಟ ಹುಡುಗ ಎಂದರೆ ಆಕ್ಷೇಪವೂ ಇರಬಹುದು. ಟರ್ಕಿಶ್ ಇಲ್ಲಿ ದಾರಿಯನ್ನು ಕವಲೊಡೆಸುತ್ತದೆ. ಒಪ್ಪತಕ್ಕ ಧೈರ್ಯ ‘ಜೆಸಾರೆತ್’, ಅಂದರೆ ‘ಜೆಸುರ್’ ಆದವನ ಗುಣ. ಮೇರೆ ಮೀರಿದ ಧೈರ್ಯ, ನಮ್ಮ ಉದ್ಧಟತನಕ್ಕೆ ಹತ್ತಿರವಾದದ್ದು, ‘ಜ್ಯುರೆತ್’. ಎರಡೂ ಅರಬ್ಬಿಯಿಂದ ಬಂದವು. ನಾವು ಸಿಟ್ಟಿನಲ್ಲಿ ‘ಎಷ್ಟು ಧೈರ್ಯ ನಿನಗೆ!’ ಎನ್ನುವಾಗ ಒಳ್ಳೆಯ ಪದವನ್ನೇ ದನಿಯಿಂದ ಬೈಗುಳವಾಗಿಸುತ್ತೇವೆ. ಟರ್ಕಿಯವರು ಅಲ್ಲಿ ‘ನೆ ಜ್ಯುರೆತ್ಲೆ!’ ಎನ್ನುತ್ತಾರೆ, ಬೈಗುಳ ಪದದಲ್ಲೇ ಇದೆ. ಹಾಗಾಗಿ ಯಾರನ್ನಾದರೂ ಹೊಗಳಲು ಹೋಗಿ ‘ಜ್ಯುರೆತ್’ ಎಂದುಬಿಟ್ಟರೆ ಕೆಟ್ಟಿತು.

ಕನ್ನಡಿಗರಿಗೆ ತೀರಾ ಸಲೀಸಾಗಿ ಒಗ್ಗುವ ಪದವೆಂದರೆ ‘ಯುರೆಕ್ಲಿ’. ‘ಯುರೆಕ್’ ಎಂದರೆ ಹೃದಯ, ‘ಲಿ’ ಎಂದರೆ ಉಳ್ಳ. ನಮ್ಮ ಎದೆಗಾರನೇ ಅವನು! ಇಂಗ್ಲಿಷಿನ ‘ಕರೇಜ್’ ಕೂಡ ಹೃದಯವೆಂಬ ಅರ್ಥದ ಲ್ಯಾಟಿನ್ ‘ಕೋರ್’ನಿಂದ ಫ್ರೆಂಚ್ ಮೂಲಕ ಬಂದದ್ದು, ಆದರೆ ಅಲ್ಲಿ ಆ ಹೃದಯ ಇಂದು ಕಿವಿಗೆ ಕೇಳಿಸುವುದಿಲ್ಲ. ಟರ್ಕಿಶ್‌ನಲ್ಲಿ ಕೇಳಿಸುತ್ತದೆ. ಧೈರ್ಯವಿಲ್ಲದವನು ‘ಯುರೆಕ್ಸಿಜ್’, ಎದೆಯಿಲ್ಲದವನು. ಅಂಜುಬುರುಕನಿಗೆ ‘ಒದ್ಲೆಕ್’ ಎಂಬ ಇನ್ನೊಂದು ಹೆಸರಿದೆ. ‘ಒದ್’ ಎಂದರೆ ಪಿತ್ತ. ಬೆಚ್ಚಿಬಿದ್ದವರು ‘ಒದುಮ್ ಕೊಪ್ತು’, ಅಂದರೆ ನನ್ನ ಪಿತ್ತಕೋಶವೇ ಕಿತ್ತುಬಂತು ಎನ್ನುತ್ತಾರೆ. ನಮಗೆ ಅಂಥ ಹೊತ್ತಿನಲ್ಲಿ ಜೀವ ಬಾಯಿಗೆ ಬರುತ್ತದೆ.

ಧೈರ್ಯ ಕಣ್ಣಿನಲ್ಲೂ ಇದೆ. ‘ಗೊಜು ಪೆಕ್’ ಎಂದರೆ ಕಣ್ಣು ಗಟ್ಟಿಯಾದವನು, ಅಪಾಯಕ್ಕೆ ಅಳುಕದವನು. ‘ಗೊಜು ಕಾರಾ’, ಕಣ್ಣು ಕಪ್ಪಾದವನು, ಮುಂದೇನಾದೀತೆಂದು ಲೆಕ್ಕಿಸದೆ ನುಗ್ಗುವವನು. ಇದರಲ್ಲಿ ಮೆಚ್ಚುಗೆಯೂ ಇರಬಹುದು, ಆತಂಕವೂ.

ಇವೆಲ್ಲಕ್ಕಿಂತ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ‘ಮೆದೆನಿ ಜೆಸಾರೆತ್’ ಎಂಬ ಜೋಡಿಪದ. ಇದು ಯುದ್ಧಭೂಮಿಯ ಶೌರ್ಯವಲ್ಲ. ತುಂಬಿದ ಸಭೆಯಲ್ಲಿ ಎದ್ದು ನಿಂತು ತನಗೆ ಸರಿಯೆನಿಸಿದ್ದನ್ನು ಹೇಳುವ ಧೈರ್ಯ. ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಲು ಬೇಕಾದದ್ದೂ ಇದೇ. ಇಂಥದ್ದಕ್ಕೆ ದಿನಬಳಕೆಯಲ್ಲಿ ಪ್ರತ್ಯೇಕ ಹೆಸರಿಟ್ಟುಕೊಂಡಿರುವುದು ಆ ಭಾಷೆಯ ಸೊಗಸು.

ಇನ್ನು ‘ಬಹಾದರ್’. ನಮ್ಮ ‘ಬಹದ್ದೂರ್’ ಪದದ ಬಳಗವೇ. ಮಧ್ಯ ಏಷ್ಯಾದಿಂದ ಪರ್ಷಿಯನ್ ಮೂಲಕ ಇಲ್ಲಿಗೂ ಬಂದು, ಮೈಸೂರು ಅರಸರ ಹೆಸರಿನ ಜೊತೆ ಬಿರುದಾಗಿ ನಿಂತಿತು. ಟರ್ಕಿಯಲ್ಲಿ ಈಗ ಇದು ಹೆಚ್ಚಾಗಿ ಗಂಡಸರ ಹೆಸರು.

ನಮ್ಮ ಸಿನಿಮಾ ಪುಟಗಳ ‘ಬೋಲ್ಡ್ ದೃಶ್ಯ’ಕ್ಕೆ ಅಲ್ಲಿನ ಪತ್ರಿಕೆಗಳೂ ‘ಜೆಸುರ್’ ಎನ್ನುತ್ತವೆ, ಅಲ್ಲಿ ಅದು ಸರಿ. ಆದರೆ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ‘ಬೋಲ್ಡ್’ ಮಾಡುವಾಗ ‘ಜೆಸುರ್’ ಹುಡುಕಬೇಡಿ. ಅದಕ್ಕೆ ‘ಕಾಲನ್’ ಎನ್ನುತ್ತಾರೆ, ಅಂದರೆ ದಪ್ಪ, ನಾವು ‘ದಪ್ಪ ಅಕ್ಷರ’ ಎನ್ನುವ ಹಾಗೆಯೇ.