ಗಡಿಯಿಂದ 500 ಅಡಿ: ನ್ಯೂಯಾರ್ಕ್‌ನಲ್ಲಿ ಕೌಂಟಿಯ ಮಾತಿಗೆ ಎಷ್ಟು ತೂಕ?

ಡ್ಯುಮಾಂಟ್ ಅಂತ ಒಂದು ಸಣ್ಣ ಊರು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬರ್ಗನ್ ಕೌಂಟಿಯಲ್ಲಿದೆ. 1950ರ ದಶಕದ ಆರಂಭದಲ್ಲಿ ಆ ಊರಿನ ಆಡಳಿತ ಒಂದು ಮೂಲೆಯ ಬ್ಲಾಕನ್ನು ಮನೆಗಳ ವಲಯದಿಂದ ತೆಗೆದು ಅಂಗಡಿಗಳ ವಲಯಕ್ಕೆ ಸೇರಿಸಿತು. ಆ ಮೂಲೆಯ ಆಚೆ ಇದ್ದದ್ದು ಬೇರೆ ಮೂರು ಊರುಗಳು: ಕ್ರೆಸ್‌ಕಿಲ್, ಡೆಮರೆಸ್ಟ್ ಮತ್ತು ಹ್ಯಾವರ್ತ್. ಅಂಗಡಿಗಳಿಂದ ಬರುವ ತೆರಿಗೆ ಡ್ಯುಮಾಂಟ್‌ಗೆ. ಗಾಡಿಗಳ ಓಡಾಟ ಮಾತ್ರ ಪಕ್ಕದ ಊರಿನವರ ಮನೆ ಬಾಗಿಲಿಗೆ. ಪಕ್ಕದವರು ಕೋರ್ಟಿಗೆ ಹೋದರು. ನಮ್ಮ ಗಡಿಯಾಚೆ ಇರುವವರ ಬಗ್ಗೆ ಯೋಚಿಸುವ ಹೊಣೆ ನಮಗಿಲ್ಲ ಎಂದು ಡ್ಯುಮಾಂಟ್ ವಾದಿಸಿತು. 1954ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಪಕ್ಕದ ಊರಿನ ಮನೆಗಳನ್ನೂ ನಿಮ್ಮ ಊರಿನ ಮನೆಗಳಂತೆಯೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತು.

ತೀರ್ಪೇನೋ ಒಳ್ಳೆಯದೇ. ಆದರೆ ಪ್ರತಿ ಸಲ ಕೋರ್ಟಿಗೆ ಹೋಗಲು ಆಗುತ್ತದಾ? ಜಮೀನಿನ ಬಗ್ಗೆ ತೀರ್ಮಾನ ಆಗುವ ಮೊದಲೇ, ಊರಿನ ಹೊರಗಿನಿಂದ ಒಬ್ಬರು ಕಡತವನ್ನು ನೋಡುವ ವ್ಯವಸ್ಥೆ ಬೇಕಿತ್ತು. ಪಕ್ಕದ ನ್ಯೂಯಾರ್ಕ್ ರಾಜ್ಯ ಆ ಕೆಲಸವನ್ನು ಕೌಂಟಿಯ ಪ್ಲಾನಿಂಗ್ ಬೋರ್ಡಿಗೆ ಕೊಟ್ಟಿತು.

ಕೌಂಟಿ ಅಂದ ತಕ್ಷಣ ನಮಗೆ ಜಿಲ್ಲೆ ನೆನಪಾಗುತ್ತದೆ. ಅಲ್ಲಿ ಡಿಸಿಯಂಥವರು ಮೇಲೆ ಕೂತು ಭೂಪರಿವರ್ತನೆಗೆ ಸಹಿ ಹಾಕುತ್ತಾರೆ ಎಂದುಕೊಳ್ಳಬೇಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಇದು ಪೂರ್ತಿ ಉಲ್ಟಾ. ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಎಂದು ಹೇಳುವ ಅಧಿಕಾರ ಇರುವುದು ಕೆಳಗಿನ ಹಂತದಲ್ಲಿ. ಸಿಟಿ, ಟೌನ್, ವಿಲೇಜ್ ಎಂಬ ಸ್ಥಳೀಯ ಆಡಳಿತಗಳೇ ಅದನ್ನು ನಿರ್ಧರಿಸುತ್ತವೆ. ರಾಜ್ಯದಲ್ಲಿ 62 ಕೌಂಟಿಗಳಿದ್ದರೆ, ಟೌನ್‌ಗಳೇ 900ಕ್ಕಿಂತ ಜಾಸ್ತಿ ಇವೆ. ಒಂದೊಂದಕ್ಕೂ ತನ್ನದೇ ಝೋನಿಂಗ್ ಮಾಡುವ, ಅಂದರೆ ಜಮೀನನ್ನು ಮನೆ, ಅಂಗಡಿ ಎಂದು ವಲಯಗಳಾಗಿ ವಿಂಗಡಿಸುವ ಹಕ್ಕಿದೆ.

ಈ ಹಕ್ಕಿನ ಬೇರು ಹಳೆಯದು. 1915ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಕ್ವಿಟಬಲ್ ಕಟ್ಟಡ ಎದ್ದು ನಿಂತಿತು. ಅದರ ನೆರಳು ಸುತ್ತಲಿನ ಬೀದಿಗಳನ್ನೆಲ್ಲ ಮುಚ್ಚಿತು. ಮರುವರ್ಷವೇ, 1916ರಲ್ಲಿ, ಇಡೀ ನಗರಕ್ಕೆ ಅನ್ವಯಿಸುವ ಝೋನಿಂಗ್ ನಿಯಮ ಬಂತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. ಹತ್ತು ವರ್ಷಗಳ ನಂತರ ಒಹಾಯೋದ ಯೂಕ್ಲಿಡ್ ಎಂಬ ವಿಲೇಜಿನ ಝೋನಿಂಗ್ ವಿಚಾರ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1926ರಲ್ಲಿ ಕೋರ್ಟ್ ವಿಲೇಜಿನ ಪರ ನಿಂತಿತು. ಆ ತೀರ್ಪಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಮಾತಿದೆ. ಎಲ್ಲರ ಹಿತ ಒಂದು ಊರಿನ ಹಿತಕ್ಕಿಂತ ತುಂಬಾ ದೊಡ್ಡದಾದಾಗ, ಆ ಊರು ಅಡ್ಡ ನಿಲ್ಲಲು ಬಿಡದಂಥ ಸಂದರ್ಭವೂ ಬರಬಹುದು ಎಂದು ನ್ಯಾಯಮೂರ್ತಿಗಳು ಹೇಳಿದ್ದರು. ಆ ಸಂದರ್ಭ ಬರಲು ಜಾಸ್ತಿ ವರ್ಷ ಬೇಕಾಗಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಗರದ ಜನ ಹೊರಗಿನ ಹೊಲಗದ್ದೆಗಳ ಕಡೆ ಹೊರಟರು. ಲಾಂಗ್ ಐಲೆಂಡ್‌ನಲ್ಲಿ 1947ರಿಂದ ಕೆಲವೇ ವರ್ಷಗಳಲ್ಲಿ ಲೆವಿಟ್‌ಟೌನ್ ಎಂಬ ಬಡಾವಣೆ ಬೆಳೆದು 17,000ಕ್ಕೂ ಜಾಸ್ತಿ ಮನೆಗಳಾದವು. ಹಡ್ಸನ್ ನದಿಯ ಮೇಲೆ ಟ್ಯಾಪನ್ ಝೀ ಸೇತುವೆ 1955ರ ಡಿಸೆಂಬರ್‌ನಲ್ಲಿ ತೆರೆಯಿತು. ಆಚೆ ದಡದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ 1950ರಲ್ಲಿ 89 ಸಾವಿರ ಜನ ಇದ್ದರು. 1970ರ ಹೊತ್ತಿಗೆ ಅದು 2 ಲಕ್ಷ 30 ಸಾವಿರದ ಹತ್ತಿರ ಹೋಯಿತು. ಒಂದು ಟೌನ್ ಲೇಔಟಿಗೆ ಒಪ್ಪಿಗೆ ಕೊಡುತ್ತದೆ. ಅಲ್ಲಿಂದ ಹರಿಯುವ ಮಳೆ ನೀರು ಕೆಳಗಿನ ಟೌನಿನ ಮನೆಗಳಿಗೆ ನುಗ್ಗುತ್ತದೆ. ಕೌಂಟಿಯ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟುತ್ತವೆ. ರಸ್ತೆ ಅಗಲ ಮಾಡುವ ಖರ್ಚು ಕೌಂಟಿಯದು, ತೀರ್ಮಾನ ಮಾತ್ರ ಟೌನಿನದು.

1960ರ ಸುಮಾರಿಗೆ ರಾಜ್ಯದ ಜನರಲ್ ಮುನಿಸಿಪಲ್ ಕಾನೂನಿಗೆ 239-ಎಂ ಎಂಬ ಕಲಂ ಸೇರಿತು. ಅಲ್ಲಿನ ಪ್ಲಾನಿಂಗ್ ಕಚೇರಿಗಳಲ್ಲಿ ಇವತ್ತಿಗೂ 'ಟೂ ಥರ್ಟಿ ನೈನ್ ಎಂ' ಅಂದರೆ ಸಾಕು, ವಿಷಯ ಗೊತ್ತಾಗುತ್ತದೆ. ಊರಿನ ಗಡಿ, ಕೌಂಟಿ ಅಥವಾ ರಾಜ್ಯದ ರಸ್ತೆ, ಪಾರ್ಕು, ಕೌಂಟಿಗೆ ಸೇರಿದ ಹಳ್ಳ, ಸರ್ಕಾರಿ ಕಟ್ಟಡ ಇರುವ ಜಾಗ: ಇವುಗಳಿಂದ 500 ಅಡಿಯೊಳಗಿನ ಜಮೀನಿನ ವಿಷಯ ಬಂದರೆ ಸ್ಥಳೀಯ ಬೋರ್ಡು ಮೊದಲು ಕೌಂಟಿಗೆ ಕಡತ ಕಳಿಸಬೇಕು. ಝೋನಿಂಗ್ ಬದಲಾವಣೆ, ವಿಶೇಷ ಪರ್ಮಿಟ್, ಸೈಟ್ ಪ್ಲಾನ್, ನಿಯಮದಿಂದ ವಿನಾಯಿತಿ ಎಲ್ಲವೂ ಇದರಲ್ಲಿ ಬರುತ್ತವೆ. 1971ರಲ್ಲಿ ರಾಜ್ಯ ಕೃಷಿ ಜಿಲ್ಲೆಗಳ, ಅಂದರೆ ಬೇಸಾಯ ಉಳಿಸಲು ಗುರುತಿಸಿದ ಪ್ರದೇಶಗಳ ಕಾನೂನು ಮಾಡಿತು. ಆ ಜಿಲ್ಲೆಗಳೊಳಗಿನ ಹೊಲಗಳೂ ಆಮೇಲೆ ಈ ಪಟ್ಟಿಗೆ ಬಂದವು. ಹೊಲದ ಪಕ್ಕದಲ್ಲೇ ಲೇಔಟ್ ಬಂದರೆ ಗೊಬ್ಬರದ ವಾಸನೆ, ಟ್ರ್ಯಾಕ್ಟರ್ ಸದ್ದು ಅಂತ ದೂರು ಶುರುವಾಗುತ್ತದೆ. ಕೊನೆಗೆ ಬೇಸಾಯ ಬಿಡುವವನು ರೈತನೇ, ಅಲ್ವಾ?

ಕಡತ ಪೂರ್ತಿಯಾಗಿ ಕೈಗೆ ಬಂದ ಮೇಲೆ ಕೌಂಟಿಗೆ 30 ದಿನ ಸಮಯ. ಗಾಡಿ ಓಡಾಟ, ನೀರು ಹರಿವು, ಅಕ್ಕಪಕ್ಕದ ಜಮೀನಿನ ಬಳಕೆಗೆ ಹೊಂದುತ್ತದೋ ಇಲ್ಲವೋ, ಇದನ್ನೆಲ್ಲ ನೋಡಿ ವರದಿ ಬರೆಯಬೇಕು. ಒಪ್ಪಬಹುದು, ಬದಲಾವಣೆ ಹೇಳಬಹುದು, ಬೇಡ ಅನ್ನಬಹುದು. ಹೊರಗಿನವರ ಮೇಲೆ ಪರಿಣಾಮ ಇಲ್ಲ ಅನಿಸಿದರೆ, ನೀವೇ ನಿರ್ಧರಿಸಿಕೊಳ್ಳಿ ಎಂದು ವಾಪಸ್ ಕಳಿಸಬಹುದು. 30 ದಿನ ದಾಟಿದರೂ ಉತ್ತರ ಬರದಿದ್ದರೆ ಊರಿನ ಬೋರ್ಡು ಕಾಯಬೇಕಿಲ್ಲ.

ಕೌಂಟಿ ಬೇಡ ಅಂದರೆ ಕೆಲಸ ನಿಂತೇ ಹೋಗುತ್ತದಾ? ಇಲ್ಲ. ಊರಿನ ಬೋರ್ಡು ಆ ಮಾತನ್ನು ಮೀರಬಹುದು. ಆದರೆ ಬರೀ ಬಹುಮತ ಸಾಲದು, ಬಹುಮತದ ಮೇಲೆ ಇನ್ನೊಂದು ಮತ ಬೇಕು. ಅದೂ ಸಭೆಗೆ ಬಂದವರ ಲೆಕ್ಕದಲ್ಲಿ ಅಲ್ಲ, ಬೋರ್ಡಿನ ಎಲ್ಲ ಸದಸ್ಯರ ಲೆಕ್ಕದಲ್ಲಿ. ಐದು ಜನರ ಬೋರ್ಡಿನಲ್ಲಿ ಮೂರು ಕೈ ಸಾಲುವುದಿಲ್ಲ, ನಾಲ್ಕು ಏಳಬೇಕು. ಒಬ್ಬರು ಅವತ್ತು ಬರದಿದ್ದರೆ ಉಳಿದ ನಾಲ್ವರೂ ಒಪ್ಪಲೇಬೇಕು. ಇಷ್ಟಾದ ಮೇಲೂ, ಕೌಂಟಿಯ ಮಾತನ್ನು ಯಾಕೆ ಒಪ್ಪಲಿಲ್ಲ ಅನ್ನುವ ಕಾರಣವನ್ನು ಬರೆದು ಕೌಂಟಿಗೆ ಕಳಿಸಬೇಕು.

ಈ ಕಲಂನಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಅನಿಸುವುದು ಈ ಬರೆದ ಕಾರಣವೇ. ಮತಗಳ ಲೆಕ್ಕ ಊರಿನ ರಾಜಕೀಯದ ಮೇಲೆ ನಿಂತಿರುತ್ತದೆ. ನಾಲ್ಕು ಕೈ ಎತ್ತಿಸುವುದು ಕೆಲವು ಊರುಗಳಲ್ಲಿ ಸುಲಭ. ಆದರೆ ಕಾಗದದ ಮೇಲೆ ಕಾರಣ ಬರೆಯಬೇಕಾದಾಗ, ನೀರು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಸುಮ್ನೆ ಇರಲು ಆಗುವುದಿಲ್ಲ. ಆ ಕಾಗದ ನಾಳೆ ನ್ಯಾಯಾಧೀಶರ ಮುಂದೆಯೂ ಬರಬಹುದು.

ಕಡತವನ್ನು ಕೌಂಟಿಗೆ ಕಳಿಸುವುದನ್ನೇ ಮರೆತರೆ ಇನ್ನೂ ಕಷ್ಟ. ಇದು ಸಣ್ಣ ಲೋಪ ಅಲ್ಲ, ಬೋರ್ಡಿಗೆ ತೀರ್ಮಾನ ಮಾಡುವ ಅಧಿಕಾರವೇ ಬರುವುದಿಲ್ಲ ಎಂದು ನ್ಯೂಯಾರ್ಕ್‌ನ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಕೊಟ್ಟ ಒಪ್ಪಿಗೆ ಇಲ್ಲದಂತೆಯೇ ಲೆಕ್ಕ. ಕೌಂಟಿ ನೋಡಿದ ಮೇಲೆ ಯೋಜನೆಯನ್ನು ದೊಡ್ಡದಾಗಿ ಬದಲಾಯಿಸಿ, ಮತ್ತೆ ಕಳಿಸದೇ ಬಿಟ್ಟು ಸೋತ ಊರುಗಳೂ ಇವೆ.

ಇದೇ ಕಾಲದಲ್ಲಿ ಇನ್ನೊಂದು ಕಥೆಯೂ ನಡೆಯಿತು. ರಾಕ್‌ಲ್ಯಾಂಡ್ ಕೌಂಟಿಯ ರಾಮಪೊ ಟೌನ್, ಚರಂಡಿ, ರಸ್ತೆ, ಪಾರ್ಕು ಬಂದ ಮೇಲೆ ಮಾತ್ರ ಹೊಸ ಬಡಾವಣೆ ಎಂದು 18 ವರ್ಷಗಳ ಯೋಜನೆ ಮಾಡಿತು. 1972ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟ್ ಅದಕ್ಕೆ ಒಪ್ಪಿತು. 1975ರಲ್ಲಿ ಅದೇ ಕೋರ್ಟ್ ವೆಸ್ಟ್‌ಚೆಸ್ಟರ್ ಕೌಂಟಿಯ ನ್ಯೂಕ್ಯಾಸಲ್ ಟೌನಿಗೆ ಬೇರೆ ಪಾಠ ಹೇಳಿತು. ನಿಮ್ಮಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ಜಾಗ ಇಲ್ಲ ಅನ್ನುವ ಮೊದಲು ಸುತ್ತಲಿನ ಪ್ರದೇಶಕ್ಕೆ ಎಂಥ ಮನೆಗಳು ಬೇಕು ಎಂದೂ ನೋಡಿ ಎಂದಿತು. ಪಕ್ಕದವರ ಹಿತ ಅಂದರೆ ಯಾವಾಗಲೂ 'ಬೇಡ' ಅನ್ನುವುದಲ್ಲ. ಕೆಲವು ಸಲ 'ಬಾಡಿಗೆಗೆ ಇರುವವರಿಗೂ ಜಾಗ ಕೊಡಿ' ಅನ್ನುವುದೂ ಹೌದು. ಕೌಂಟಿಯ ಬೋರ್ಡುಗಳು ಇದನ್ನೂ ಗಟ್ಟಿಯಾಗಿ ಹೇಳಬೇಕು ಅನ್ನುವುದು ನನ್ನ ಆಸೆ.

ಕೊರತೆ ಇಲ್ಲವೆಂದಲ್ಲ. 500 ಅಡಿ ಅಂದರೆ ಸುಮಾರು 150 ಮೀಟರ್, ಎರಡು ನಿಮಿಷದ ನಡಿಗೆ. ಇವತ್ತಿನ ದೊಡ್ಡ ಗೋದಾಮಿಗೆ ಬರುವ ಲಾರಿಗಳು ಹತ್ತಾರು ಕಿಲೋಮೀಟರ್ ದೂರದ ಊರುಗಳನ್ನು ದಾಟಿ ಬರುತ್ತವೆ. ನೆಲದಡಿಯ ನೀರಿಗೂ ಈ ಅಳತೆ ಸಾಲದು. ಇನ್ನೊಂದು ಕಡೆ, ರಾಜ್ಯದ ರಸ್ತೆ ಊರಿನ ಮಧ್ಯೆಯೇ ಹೋಗುವುದರಿಂದ ಅಂಗಡಿಯ ನಾಮಫಲಕ ಬದಲಾಯಿಸುವಂಥ ಸಣ್ಣ ಕಡತವೂ ಕೌಂಟಿಯ ಮೇಜಿಗೆ ಬಂದು ಬೀಳಬಹುದು. ಇಂಥ ಸಣ್ಣ ವಿಷಯಗಳನ್ನು ಬಿಡುವಂತೆ ಊರು ಮತ್ತು ಕೌಂಟಿ ಒಪ್ಪಂದ ಮಾಡಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಒಪ್ಪಂದ ಮಾಡಿಕೊಂಡರೆ ದೊಡ್ಡ ಕಡತಗಳನ್ನು ನಿಧಾನವಾಗಿ ಓದಲು ಸಮಯ ಸಿಗುತ್ತದೆ.

2006ರಿಂದ ಇನ್ನೊಂದು ಕಲಂ ಜಾರಿಯಲ್ಲಿದೆ. ಗಡಿಯಿಂದ 500 ಅಡಿಯೊಳಗೆ ಸೈಟ್ ಪ್ಲಾನ್, ಲೇಔಟ್ ಅಥವಾ ವಿಶೇಷ ಪರ್ಮಿಟ್‌ಗೆ ಅಹವಾಲು ಸಭೆ ಇದ್ದರೆ, ಕನಿಷ್ಠ 10 ದಿನ ಮೊದಲೇ ಪಕ್ಕದ ಊರಿನ ಕ್ಲರ್ಕಿಗೆ ತಿಳಿಸಬೇಕು. ಪಕ್ಕದ ಊರಿನವರು ಆ ಸಭೆಗೆ ಬಂದು ಮಾತಾಡಬಹುದು. ನೀವು ಅಂಥ ಊರಿನಲ್ಲಿ ಮನೆ ಮಾಡಿದ್ದರೆ, ಪಕ್ಕದಲ್ಲಿ ಏನೋ ದೊಡ್ಡದು ಬರುತ್ತಿದೆ ಅನಿಸಿದರೆ, ಟೌನ್ ಕಚೇರಿಗೆ ಹೋಗಿ ಎರಡು ವಿಷಯ ಕೇಳಿ: ಈ ಕಡತ ಕೌಂಟಿಗೆ ಯಾವ ತಾರೀಕು ಹೋಯಿತು, ಮತ್ತು ಕೌಂಟಿಯ ವರದಿಯ ಪ್ರತಿ ಎಲ್ಲಿದೆ.